ಇಸ್ತ್ರಿ ಹಾಕಿದ ತ್ಯಾಗಗಳು

ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ವಾರಗಳ ಆಗಮನ ಕಾಲ ಬಂತೆಂದರೆ ನಮ್ಮ ಚರ್ಚಿನ ಗಾಯನ ವೃಂದದವರು ಗೋದಲಿಗೆ ಹುಲ್ಲು ಹಾಕುವುದಿಲ್ಲ, ಚೀಟಿ ಹಾಕುತ್ತೇವೆ. ಕ್ರಿಸ್ಮಸ್‌ವರೆಗೆ ತಾನು ಮಾಡುವ ಒಂದು ತ್ಯಾಗವನ್ನು ಪ್ರತಿಯೊಬ್ಬರೂ ಕಾಗದದ ಉದ್ದ ಪಟ್ಟಿಯ ಮೇಲೆ ಬರೆದು, ಹೆಸರು ಹಾಕದೆ ಮಡಿಚಿ, ಗೋದಲಿಯ ಮರದ ಪುಟ್ಟ ತೊಟ್ಟಿಯೊಳಗೆ ಇಡಬೇಕು. ಸಕ್ಕರೆ ಬಿಡುವವರು ಸಕ್ಕರೆ, ಸಿಟ್ಟು ಬಿಡುವವರು ಸಿಟ್ಟು. ಯಾರದನ್ನೂ ಯಾರೂ ಓದುವಂತಿಲ್ಲ. ಹುಟ್ಟಲಿರುವ ಬಾಲ ಯೇಸುವಿಗೆ ಅದೇ ಹಾಸಿಗೆ. ಹಬ್ಬ ಕಳೆದ ಮೇಲೆ ಮಡಿಕೆ ಬಿಚ್ಚದೆ ಸುಟ್ಟುಬಿಡುತ್ತೇವೆ.

ಈ ವರ್ಷ ಆ ತೊಟ್ಟಿಯನ್ನು ನೋಡಿಕೊಳ್ಳುವ ಕೆಲಸ ನನ್ನ ದೊಡ್ಡಮ್ಮನ ಪಾಲಿಗೆ ಬಂತು. ಮೂವತ್ತು ವರ್ಷ ಅಂಗಿ ಕಾರ್ಖಾನೆಯಲ್ಲಿ ಗುಂಡಿ ಹೊಲಿದದ್ದರಿಂದ ಊರಿಗೆಲ್ಲ ಆಕೆ ಗುಂಡಿಯಮ್ಮ. ನಾಲ್ಕು ವರ್ಷದಿಂದ ನನ್ನ ಮನೆಯಲ್ಲಿದ್ದಾಳೆ. ನಾನು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಹಾಸಿಗೆ ಬಟ್ಟೆಗಳ ಜೊತೆ ಒದ್ದಾಡುವಾಗ ನನ್ನ ಇಬ್ಬರು ಮಕ್ಕಳನ್ನು ಎಬ್ಬಿಸಿ, ತೊಳೆದು, ತಲೆ ಬಾಚಿ ಶಾಲೆಗೆ ಕಳಿಸುವವಳು ಅವಳೇ. ನಾನು ಬೆಳಗ್ಗೆ ಬಾಗಿಲಿಗೆ ಅಂಟಿಸಿ ಹೋಗುವ ಚೀಟಿ ಓದಿ ಕೆಲಸ ಮಾಡುತ್ತಾಳೆ. ‘ದೊಡ್ಡವಳಿಗೆ ಕೆಮ್ಮಿನ ಔಷಧಿ ಎರಡು ಚಮಚ.’ ‘ಸಣ್ಣವನ ಉಗುರು ಕತ್ತರಿಸು.’

ಆಗಮನ ಕಾಲದ ಮೂರನೆಯ ಭಾನುವಾರ ನಮ್ಮಲ್ಲಿ ಆನಂದದ ಭಾನುವಾರ. ಗುಲಾಬಿ ಬಣ್ಣದ ಮೊಂಬತ್ತಿ ಹಚ್ಚುವಾಗ ಒಬ್ಬರೇ ನಿಂತು ಒಂದು ಚರಣ ಹಾಡಬೇಕು. ಸರದಿ ಪ್ರಕಾರ ಹನ್ನೊಂದು ವರ್ಷ ಕಾದು ಈ ಸಲ ಆ ಚರಣ ದೊಡ್ಡಮ್ಮನದಾಗಿತ್ತು. ಹಾಡಬೇಕೆಂದರೆ ಅವಳಿಗೆ ಜೀವ. ಹಾಡಿಗೆ ಮಾತ್ರ ಅವಳನ್ನು ಕಂಡರೆ ಆಗುವುದಿಲ್ಲ. ಆದರೂ ನವೆಂಬರಿನಿಂದ ಮನೆಯಲ್ಲಿ ಅದೇ ಚರಣ. ಜಡೆ ಹೆಣೆಯುವಾಗ, ಪಾತ್ರೆ ತೊಳೆಯುವಾಗ, ಬಚ್ಚಲಿನ ಬಾಗಿಲ ಹಿಂದೆ.

“ದೊಡ್ಡಮ್ಮಾ, ಸ್ವಲ್ಪ ಗಂಟಲಿಗೆ ರಜೆ ಕೊಡು.”

“ಬರೋನು ರಾಜ ಕಣೇ. ಬಾಯಿ ಮುಚ್ಕೊಂಡು ಸ್ವಾಗತ ಮಾಡೋದಕ್ಕಾಗುತ್ತಾ?”

ಆ ಶುಕ್ರವಾರ ನಾನು ಕೆಲಸದಿಂದ ಬಂದಾಗ ಅಡುಗೆಮನೆಯ ಮೇಜಿನ ಮೇಲೆ ಖಾಲಿ ತೊಟ್ಟಿ ಇತ್ತು. ಪಕ್ಕದಲ್ಲಿ ಹದಿನಾಲ್ಕು ಚೀಟಿಗಳು, ಹೊಸ ಅಂಗಿಯ ಪಟ್ಟಿಗಳಂತೆ ನೆಟ್ಟಗೆ, ಸಾಲಾಗಿ. ಇಸ್ತ್ರಿ ಪೆಟ್ಟಿಗೆ ಇನ್ನೂ ಬಿಸಿಯಾಗಿತ್ತು.

“ಏನು ಮಾಡ್ದೆ?”

“ಮಡಿಕೆ ಚುಚ್ಚುತ್ತಲ್ವಾ ಮಗೂಗೆ. ಮೆತ್ತಗಾಗ್ಲಿ ಅಂತ ಇಸ್ತ್ರಿ ಹಾಕ್ದೆ.” ಅವಳು ತಲೆ ಎತ್ತಲಿಲ್ಲ. “ಎಲ್ಲಾ ಕವುಚಿ ಹಾಕಿದ್ದೆ. ದೇವರಾಣೆ ಓದ್ಬೇಕು ಅಂತಿರ್ಲಿಲ್ಲ. ಒಂದು ಮಗುಚಿಕೊಳ್ತು, ನಿನ್ನ ಅಕ್ಷರ ಕಾಣಿಸ್ತು. ಏನು ಬಿಡ್ತಿದಾಳೋ ನೋಡೋಣ, ನನ್ನ ಕೈಲಾದ್ರೆ ನಾನೂ ಒಂದು ಕೈ ಹಚ್ಚೋಣ ಅಂದ್ಕೊಂಡೆ.”

ನನ್ನ ಚೀಟಿಯನ್ನು ಬೆರಳಿಂದ ನನ್ನ ಕಡೆ ತಳ್ಳಿದಳು. ‘ದೊಡ್ಡಮ್ಮ ಮನೆಯಲ್ಲಿರುವುದನ್ನು ಗೊಣಗದೆ ಸಹಿಸಿಕೊಳ್ಳುತ್ತೇನೆ.’

ಕಾಲಿನ ಚಪ್ಪಲಿ ಬಿಚ್ಚುವುದನ್ನೂ ಮರೆತು ನಿಂತೆ.

“ಆಮೇಲೆ ಮಿಕ್ಕಿದ್ದೂ ಓದ್ದೆ,” ಎಂದಳು. “ಒಂದು ಪಾಪ ಮಾಡಿದ್ಮೇಲೆ ಮಿಕ್ಕ ಹದಿಮೂರನ್ನ ಯಾಕೆ ಬಿಡ್ಬೇಕು?”

ಹದಿನಾಲ್ಕರಲ್ಲಿ ಒಂದು ಅವಳದೇ: ಮಧ್ಯಾಹ್ನದ ನಿದ್ದೆ ಬಿಟ್ಟು ಮಕ್ಕಳಿಗೆ ಸ್ವೆಟರ್ ಹೆಣೆಯುವುದು. ಉಳಿದವುಗಳಲ್ಲಿ ಏಳು ಅವಳ ಬಗ್ಗೆ. ‘ಗುಂಡಿಯಮ್ಮನ ಅಪಸ್ವರಕ್ಕೆ ನಗುವುದಿಲ್ಲ.’ ‘ಆನಂದದ ಭಾನುವಾರ ಮುಖ ಕಿವುಚುವುದಿಲ್ಲ, ಕೊನೆವರೆಗೂ ಮುಗುಳ್ನಗುತ್ತೇನೆ.’ ‘ಅವರ ಪಕ್ಕದಲ್ಲಿ ನಿಲ್ಲುವ ಕಷ್ಟವನ್ನು ಬಾಲ ಯೇಸುವಿಗೆ ಅರ್ಪಿಸುತ್ತೇನೆ.’

“ನಾನು ಹಾಡಲ್ಲ,” ಎಂದಳು. ಚೀಟಿಗಳನ್ನು ಜೋಪಾನವಾಗಿ ತೊಟ್ಟಿಯಲ್ಲಿ ಹಾಸಿ ಮಕ್ಕಳ ಚೀಲ ಬಿಚ್ಚಲು ಹೋದಳು. ಕ್ಷಮಿಸು ಎನ್ನಬೇಕಿತ್ತು. ಕಾಲು ನೋಯುತ್ತಿತ್ತು, ಕೂತುಬಿಟ್ಟೆ. ನಿಜ ಹೇಳಬೇಕೆಂದರೆ, ಮನೆಯೊಳಗೆ ಆ ಚರಣ ನಿಂತಿದ್ದು ಹಾಯೆನಿಸಿತ್ತು.

ಶನಿವಾರ ಬೆಳಗ್ಗೆ ಆರ್ಗನ್ ಟೀಚರ್ ಬಂದರು. ಗಾಯನ ವೃಂದ ನಡೆಸುವವರು ಅವರೇ. ಜೊತೆಗೆ ಯಾವಾಗಲೂ ಅವರ ಹಿಂದೆಯೇ ಇರುವ ಔಷಧಿ ಅಂಗಡಿಯಾಕೆ. ವಿಷಯವನ್ನು ನಾನೇ ಫೋನಿನಲ್ಲಿ ತಿಳಿಸಿದ್ದೆ.

“ಏನು ಗುಂಡಿಯಮ್ಮ, ಬರಲ್ವಂತೆ?”

“ನನ್ನಿಂದ ನಿಮಗ್ಯಾಕೆ ತೊಂದ್ರೆ ಟೀಚರ್?”

“ತೊಂದ್ರೆ ಈಗ ಆಗ್ತಿರೋದು. ಏಳು ಜನ ದೇವರಿಗೆ ಮಾತು ಕೊಟ್ಟಿದೀವಿ. ನೀವು ಹಾಡದೆ ಹೋದ್ರೆ ನಾವು ಸಹಿಸಿಕೊಳ್ಳೋದು ಏನನ್ನ?”

“ಎರಡು ವಾರದಿಂದ ಎಷ್ಟು ಕಷ್ಟಪಟ್ಟು ತಯಾರಾಗಿದೀವಿ ಗೊತ್ತಾ?” ಎಂದಳು ಔಷಧಿ ಅಂಗಡಿಯಾಕೆ. “ಎಲ್ಲಾ ನೀರಲ್ಲಿ ಹೋಮ ಆಗುತ್ತೆ.”

“ಓದ್ಬಾರ್ದಿದ್ದನ್ನ ಓದಿದೋರು ನೀವು,” ಟೀಚರ್ ಬೆರಳೆತ್ತಿದರು. “ಅದಕ್ಕೆ ಪಾಪನಿವೇದನೆ ಮಾಡ್ಕೊಳ್ಳಿ. ನಮ್ಮ ತ್ಯಾಗ ಕೆಡಿಸ್ಬೇಡಿ.”

ದೊಡ್ಡಮ್ಮ ನನ್ನ ಕಡೆ ತಿರುಗಿದಳು. “ನೀನು ಹೇಳೇ. ನಿಜವಾಗ್ಲೂ ನಾನು ಹಾಡ್ಬೇಕಾ?”

ಒಂದೇ ಮಾತು ಸಾಕಿತ್ತು. ಬೇಡ ದೊಡ್ಡಮ್ಮ, ಇವರನ್ನು ಕಳಿಸು ಎಂದಿದ್ದರೆ ಇಬ್ಬರೂ ಎದ್ದು ಹೋಗುತ್ತಿದ್ದರು. ನಾನು ಬಟ್ಟೆ ಮಡಿಚುತ್ತಲೇ ಇದ್ದೆ.

“ಒಂದು ಚರಣ ತಾನೇ? ಹಾಡಿ ಮುಗಿಸ್ಬಿಡು. ಎಲ್ಲರಿಗೂ ನೆಮ್ಮದಿ.”

ಅವಳು ಟೀಚರ್ ಕಡೆ ತಿರುಗಿದಳು. “ಸರಿ ಟೀಚರ್,” ಎಂದಳು. “ಬರ್ತೀನಿ. ನಿಮ್ಮ ತ್ಯಾಗಕ್ಕೆ ಕಮ್ಮಿ ಮಾಡಲ್ಲ.”

ಭಾನುವಾರ ಚರ್ಚು ತುಂಬಿತ್ತು. ನಾನು ಹಾಡುವವರ ಬೆಂಚಿನ ತುದಿಯಲ್ಲಿ ಕೂತಿದ್ದೆ, ಮಕ್ಕಳು ನನ್ನ ಪಕ್ಕದಲ್ಲಿ. ಗುಲಾಬಿ ಮೊಂಬತ್ತಿ ಹತ್ತಿತು. ದೊಡ್ಡಮ್ಮ ಮುಂದೆ ಹೋಗಿ ನಿಂತು ಚರಣ ಹಾಡಿದಳು. ಬಚ್ಚಲಿನಲ್ಲಿ ಹೇಗೆ ಹಾಡುತ್ತಿದ್ದಳೋ ಹಾಗೆಯೇ, ಮೇಲಿನ ಸ್ವರದಲ್ಲಿ ಗಂಟಲು ಸೀಳಿ. ನಾವೆಲ್ಲ ಮುಗುಳ್ನಕ್ಕೆವು. ಆರ್ಗನ್ ನಿಂತಿತು.

ಅವಳು ನಿಲ್ಲಿಸಲಿಲ್ಲ. ಆ ಹಾಡಿಗೆ ಏಳು ಚರಣಗಳಿವೆ. ಎರಡನೆಯದನ್ನು ಎತ್ತಿಕೊಂಡಳು. ಟೀಚರ್ ಗಾಬರಿಯಾಗಿ ಮತ್ತೆ ನುಡಿಸಿದರು, ಮೂರನೆಯದಕ್ಕೆ ಕೈಬಿಟ್ಟರು. ದೊಡ್ಡಮ್ಮ ಒಬ್ಬೊಬ್ಬರ ಮುಖವನ್ನೇ ನೋಡುತ್ತ, ಒಂದೊಂದು ಚರಣವನ್ನು ಒಬ್ಬೊಬ್ಬರಿಗೆ ಬಡಿಸಿದ ಹಾಗೆ ಹಾಡಿದಳು. ಫಾದರ್ ಕೈಜೋಡಿಸಿ ಕಾದರು. ಹಿಂದಿನ ಬೆಂಚುಗಳಲ್ಲಿ ಯಾರೋ ನಕ್ಕರು. ನಾವು ನಗುವಂತಿರಲಿಲ್ಲ, ಮುಗುಳ್ನಗು ಇಳಿಸುವಂತೆಯೂ ಇರಲಿಲ್ಲ. ಔಷಧಿ ಅಂಗಡಿಯಾಕೆಯ ಕೆನ್ನೆ ನಡುಗುತ್ತಿತ್ತು.

ಐದನೆಯ ಚರಣಕ್ಕೆ ಅವಳ ಧ್ವನಿ ಪೂರ್ತಿ ಒಡೆಯಿತು. ಕಣ್ಣಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳದೆ ನನ್ನ ಕಡೆ ತಿರುಗಿ ಆರನೆಯದನ್ನು ಶುರುಮಾಡಿದಳು.

ಮಗಳು ಎರಡೂ ಕಿವಿ ಮುಚ್ಚಿಕೊಂಡಳು. “ಅಮ್ಮಾ, ಅಜ್ಜಿ ಅಳ್ತಿದಾರೆ. ಸಾಕು ಅನ್ನಮ್ಮಾ.”

ನಾನು ಅವಳ ಕೈಗಳನ್ನು ಎಳೆದು ಮಡಿಲಲ್ಲಿ ಒತ್ತಿ ಹಿಡಿದೆ.

“ಸುಮ್ನೆ ನಗ್ತಾ ಕೂತ್ಕೋ,” ಎಂದೆ.