ತೊಟ್ಟಿಲ ಹಲಗೆಯ ಹೆಸರು

ಹೆತ್ತು ವಾರವಾದರೂ ನನಗೆ ಜ್ವರ ಬಿಟ್ಟಿರಲಿಲ್ಲ. ಡಾಕ್ಟರನ್ನು ಕರೆಸಿ ಎಂದರೆ ಅತ್ತೆ, "ಬಾಣಂತಿಗೆ ಮೈ ಬಿಸಿ ಆಗದೆ ಇನ್ನೇನಾಗುತ್ತೆ?" ಎಂದು ಬಾಗಿಲೆಳೆದುಕೊಂಡು ಹೋಗುತ್ತಿದ್ದರು.

ಆ ದಿನ ತೊಟ್ಟಿಲಿಗೆ ಮಗಳ ಹೆಸರು ಕೆತ್ತಲು ಬಡಗಿ ಬಂದ. ಹಜಾರದಲ್ಲಿ ಅವನು ಗೊಣಗಿದ್ದು ನನ್ನ ಮಂಚದವರೆಗೂ ಕೇಳಿಸಿತು.

"ಏನ್ ಸ್ವಾಮಿ ಇದು, ರೈಲಿನ ಥರಾ ಹೆಸರು! ಪೂರ್ತಿ ಕರೆಯೋದ್ರೊಳಗೆ ಮಗು ಎದ್ದು ಓಡಾಡ್ತಿರುತ್ತೆ."

ಮಾವ ಹೆಮ್ಮೆಯಿಂದ ಬಿಡಿಸಿ ಹೇಳಿದರು. "ಮೊದಲನೇದು ನಮ್ಮಜ್ಜಿ ಹೆಸರು. ಆಮೇಲಿಂದು ನಮ್ಮ ಚಿಕ್ಕಮ್ಮಂದು. ಕೊನೇದು ನಮ್ಮ ದೊಡ್ಡ ಸೊಸೇದು. ಬಾಣಂತನದಲ್ಲಿ ತೀರ್ಕೊಂಡೋರ ಹೆಸರನ್ನ ಮುಂದಿನ ಹೆಣ್ಣು ಮಗೂಗೆ ಸೇರಿಸೋದು ನಮ್ಮ ಮನೆ ಪದ್ಧತಿ. ಯಾರನ್ನೂ ನಾವು ಮರೆಯಲ್ಲ."

ಮರೆಯದಿರಲು ಇಷ್ಟೆಲ್ಲ ಪಾಡುಪಡುವ ಜನ ಒಬ್ಬಳನ್ನಾದರೂ ಉಳಿಸಿಕೊಳ್ಳಬಾರದಿತ್ತೇ! ನನ್ನ ಮೈಯೆಲ್ಲ ಉರಿಯಿತು. ಅದು ಜ್ವರದ ಉರಿಯೋ ಸಿಟ್ಟಿನದೋ ತಿಳಿಯಲಿಲ್ಲ.

ಬಡಗಿ ಉಳಿ ಎತ್ತಿಕೊಂಡಿರಬೇಕು. ಅತ್ತೆಯ ತಗ್ಗಿದ ದನಿ ಕೇಳಿಸಿತು.

"ಹಲಗೆ ತುಂಬಾ ಕೆತ್ತಬೇಡಪ್ಪ. ಕೊನೇಲಿ ಇನ್ನೊಂದು ಹೆಸರಿಗಾಗೋಷ್ಟು ಜಾಗ ಬಿಟ್ಟಿರು."

ಮಗಳನ್ನು ಎದೆಗವಚಿಕೊಂಡು, ಗೋಡೆ ಹಿಡಿದು ಎದ್ದೆ. ಬಾಗಿಲು ತೆರೆದು ಹಜಾರಕ್ಕೆ ಬಂದೆ. ಹಲಗೆಯ ಇನ್ನೊಂದು ತುದಿ ಹಿಡಿದು ಕೂತಿದ್ದ ನನ್ನ ಗಂಡ ತಲೆ ತಗ್ಗಿಸಿದ.

"ನಿನ್ನ ಗಾಡಿ ಹೊರಗಿದೆಯೇನಪ್ಪ?" ಎಂದು ಬಡಗಿಯನ್ನು ಕೇಳಿದೆ.

"ಇದೆ ತಾಯಿ."

"ಹಾಗಾದ್ರೆ ಉಳಿ ಕೆಳಗಿಡು. ನಮ್ಮಿಬ್ಬರನ್ನೂ ಆಸ್ಪತ್ರೆಗೆ ಬಿಡು. ಆ ಜಾಗ ಖಾಲೀನೇ ಇರ್ಲಿ."