ಏಳನೇ ಭೂಗೋಳ

ಸುಣ್ಣ ಒಣಗುವ ಮೊದಲೇ ಬಸ್ಸು ಬಂದುಬಿಟ್ಟಿತು. ಜವಾನ ಇನ್ನೂ ಏಣಿಯ ಮೇಲಿದ್ದ. ಗೋಡೆಯ ಮೇಲ್ಮೂಲೆಯಲ್ಲಿ ಹೋದ ವರ್ಷದ ಭೂಗೋಳದ ಒಂದು ಹಸಿರು ತುಂಡು, ಯಾವ ಖಂಡವೋ ಏನೋ, ಎರಡು ಸಲ ಸುಣ್ಣ ಬಳಿದರೂ ಇಣುಕುತ್ತಲೇ ಇತ್ತು.

"ಬೇಗ ಬಳಿಯಪ್ಪಾ, ಮಕ್ಕಳು ಇಳೀತಿದಾರೆ!" ಎಂದು ಹೆಡ್ ಮೇಡಂ ಕೆಳಗಿನಿಂದ ಗದರಿದರು.

"ಬಳೀತಾನೇ ಇದೀನಿ ಮೇಡಂ. ಹೋದ ವರ್ಷದೋರು ಒಳ್ಳೇ ಬಣ್ಣ ತಂದಿದ್ರು, ಹಾಳಾದ್ದು. ಹೋಗ್ತಾನೇ ಇಲ್ಲ."

ಇದು ವರ್ಷ ವರ್ಷದ ಪಾಡು. ಗುಡ್ಡದ ಮೇಲಿನ ದೊಡ್ಡ ಶಾಲೆ ನಲವತ್ತು ದೇಶಗಳ ಶಾಲೆಗಳ ಕೂಟವೊಂದಕ್ಕೆ ಸೇರಿತ್ತು. ಆ ಕೂಟದ ಮಕ್ಕಳು ಒಬ್ಬರ ದೇಶಕ್ಕೆ ಒಬ್ಬರು ಹೋಗಿ ಒಂದು ತಿಂಗಳು ಇದ್ದು ಓದುವುದು, ನಾಯಕತ್ವ ಕಲಿಯುವುದು, ಕೊನೆಯ ವಾರ ಸಮಾಜಸೇವೆ ಮಾಡುವುದು ಪದ್ಧತಿ. ಇಲ್ಲಿಗೆ ಬಂದವರ ಪಾಲಿಗೆ ಸಮಾಜ ಎಂದರೆ ಗುಡ್ಡದ ಕೆಳಗಿನ ಈ ಆರು ಕೋಣೆಯ ಶಾಲೆ; ಸೇವೆ ಎಂದರೆ ಈ ಗೋಡೆ. ಬರುತ್ತಿದ್ದರು, ದೊಡ್ಡದೊಂದು ಭೂಗೋಳ ಬರೆಯುತ್ತಿದ್ದರು, ಸುತ್ತಲೂ ಬಣ್ಣದ ಅಂಗೈ ಒತ್ತುತ್ತಿದ್ದರು, ಫೋಟೊ ತೆಗೆಸಿಕೊಂಡು, ಅತ್ತು, ಬಸ್ಸು ಹತ್ತುತ್ತಿದ್ದರು. ಮುಂದಿನ ವರ್ಷದ ತಂಡ ಬರಲು ಒಂದು ವಾರ ಇರುವಾಗ ದೊಡ್ಡ ಶಾಲೆಯ ಸಂಯೋಜಕರ ಫೋನು ಬರುತ್ತಿತ್ತು: "ಗೋಡೆ ಒಂಚೂರು ಖಾಲಿ ಮಾಡಿಸಿಡಿ ಮೇಡಂ." ಜವಾನ ಏಣಿ ಹತ್ತುತ್ತಿದ್ದ. ಆರು ವರ್ಷದಲ್ಲಿ ಆರು ಭೂಗೋಳ ಸುಣ್ಣದಡಿ ಸೇರಿದ್ದವು. ಹೆಡ್ ಮೇಡಂ ಒಂದು ದಿನವೂ ತುಟಿ ಪಿಟಕ್ಕೆನ್ನಲಿಲ್ಲ. ಶಾಲೆಗೆ ಪುಸ್ತಕದ ಕಪಾಟು ಕೊಟ್ಟವರು, ಫ್ಯಾನು ಹಾಕಿಸಿದವರು ದೊಡ್ಡ ಶಾಲೆಯವರೇ. ಅಂಥವರ ಎದುರು ಬಾಯಿ ತೆರೆಯುವುದು ಹೇಗೆ?

ಈ ಸಲ ಮಾತ್ರ ಅವರ ಮನಸ್ಸು ಗೋಡೆಯ ಮೇಲಿರಲಿಲ್ಲ. ಏಳನೇ ಕ್ಲಾಸಿನ ಪಟಾಕಿ ಶಾಲೆಗೆ ಬಾರದೆ ಮೂರು ವಾರವಾಗಿತ್ತು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಸಿಡಿಸುತ್ತಾಳೆಂದು ಹೆಡ್ ಮೇಡಂ ಅವರೇ ಇಟ್ಟ ಹೆಸರು ಅದು. ಇಪ್ಪತ್ತೆಂಟು ವರ್ಷದ ಮೇಷ್ಟರಗಿರಿಯಲ್ಲಿ ಅಂಥ ಹುಡುಗಿಯರು ಅವರ ಕೈಗೆ ಸಿಕ್ಕಿದ್ದು ಇಬ್ಬರೋ ಮೂವರೋ. ತಿಂಗಳು ತುಂಬಿದರೆ ಹಾಜರಿ ಪುಸ್ತಕದಿಂದ ಹೆಸರು ಹೊಡೆದುಹಾಕಬೇಕು. ಅದಕ್ಕೆ ಇನ್ನು ಒಂದೇ ವಾರ ಇತ್ತು. ಮನೆಗೇ ಹೋಗಿ ಕೇಳಿದ್ದರು. ತಾಯಿ ಹೊಲಿಗೆಯಾಕೆ, ಮಿಷನ್ನು ನಿಲ್ಲಿಸದೆಯೇ ಮಾತಾಡಿದ್ದಳು.

"ನಿಮ್ಮ ಮೇಲೆ ಕೋಪ ಇಲ್ಲ ಮೇಡಂ. ನನ್ನ ಮಗಳು ದೊಡ್ಡವಳಾಗಿದಾಳೆ. ನಿಮ್ಮ ಟಾಯ್ಲೆಟ್ಟಿಗೆ ಚಿಲಕ ಇಲ್ಲ. ಬೆಳಿಗ್ಗೆಯಿಂದ ಸಂಜೆ ತನಕ ಒಂದು ತೊಟ್ಟು ನೀರು ಕುಡಿಯಲ್ಲ, ತಲೆನೋವು ಅಂತ ಬಂದು ಬಿದ್ಕೊತಾಳೆ. ಚಿಲಕ ಹಾಕ್ಸಿ, ನಾನೇ ಕರ್ಕೊಂಡು ಬರ್ತೀನಿ."

ಚಿಲಕ ಹಾಕಿಸಬಾರದಿತ್ತೇ ಎಂದರೆ, ಹಾಕಿಸಿದ್ದರು. ಬಾಗಿಲ ಹಲಗೆಯನ್ನೇ ಗೆದ್ದಲು ತಿಂದು ಪುಡಿಮಾಡಿತ್ತು, ಬೆಳಿಗ್ಗೆ ಬಿಗಿದ ಸ್ಕ್ರೂ ಸಂಜೆಗೆ ಉದುರಿ ಬಿತ್ತು. ಬೇಕಾದದ್ದು ಚೌಕಟ್ಟು ಸಮೇತ ನಾಲ್ಕು ಹೊಸ ಬಾಗಿಲು. ಶಿಕ್ಷಣ ಇಲಾಖೆಯ ಕಚೇರಿಗೆ ಮೂರು ಪತ್ರ ಬರೆದರು. ಮೂರಕ್ಕೂ ಉತ್ತರವಿಲ್ಲ.

ಬಸ್ಸಿನಿಂದ ಹನ್ನೆರಡು ಮಕ್ಕಳು ಇಳಿದರು. ಎಲ್ಲರಿಗೂ ಒಂದೇ ಥರದ ಹಳದಿ ಅಂಗಿ. ಮುಂದಿದ್ದವಳು ದೊಡ್ಡ ಶಾಲೆಯ ಹುಡುಗಿ, ಹದಿನಾರು ಇರಬಹುದು, ಎದೆಯ ಮೇಲೆ 'ನಾಯಕಿ' ಎಂಬ ಬಿಲ್ಲೆ. ಹೊರದೇಶದ ಮಕ್ಕಳಿಗೆ ಮಾತು ತಿಳಿಸಿ ಹೇಳುವವಳೂ ಅವಳೇ. ಹಿಂದಿನ ಆರು ನಾಯಕರು ಬಂದವರೇ ಬಣ್ಣದ ಡಬ್ಬಿ ಬಿಚ್ಚಿದ್ದರು. ಇವಳು ನೋಟ್‌ಬುಕ್ಕು ಬಿಚ್ಚಿದಳು.

"ಮೇಡಂ, ನಿಮ್ಮ ಶಾಲೆಗೆ ಏನು ಬೇಕು?"

ಆರು ವರ್ಷ ಯಾರೂ ಕೇಳದ ಪ್ರಶ್ನೆ. ಹೆಡ್ ಮೇಡಂ ಬಾಯಿ ತೆರೆದರು. ಪಕ್ಕದಲ್ಲಿ ಸಂಯೋಜಕರು ಟೋಪಿ ಸರಿಮಾಡಿಕೊಳ್ಳುತ್ತ ನಿಂತಿದ್ದರು.

"ಗೋಡೆ ಇದೆಯಲ್ಲಮ್ಮ," ಎಂದುಬಿಟ್ಟರು ಹೆಡ್ ಮೇಡಂ. "ಚೆನ್ನಾಗಿ ಬಣ್ಣ ಹಚ್ಚಿ, ಅಷ್ಟು ಸಾಕು."

ಹೇಳಿದವರು ನೇರ ತಮ್ಮ ಕೋಣೆಗೆ ಹೋಗಿ ಕುಳಿತರು. ತಮ್ಮ ಮೇಲೆಯೇ ಹೇಸಿಗೆಯಾಯಿತು. ಮಕ್ಕಳಿಗೆ ಎದ್ದು ನಿಂತು ಗಟ್ಟಿಯಾಗಿ ಮಾತಾಡಿ ಅಂತ ದಿನಾ ಬೈಯುವ ಹೆಂಗಸು, ತನ್ನ ಸರದಿ ಬಂದಾಗ ಇಲಿಯ ಹಾಗೆ ಬಿಲ ಸೇರಿದೆನಲ್ಲ ಎಂದು ಹಣೆ ಚಚ್ಚಿಕೊಂಡರು.

ಅರ್ಧ ಗಂಟೆಯೂ ಆಗಿರಲಿಲ್ಲ. ತಂಡದಲ್ಲಿದ್ದ ಕೆಂಗೂದಲಿನ ಹುಡುಗಿಗೆ ಟಾಯ್ಲೆಟ್ಟಿಗೆ ಹೋಗಬೇಕಾಯಿತು. ಹಿಂದಿನ ವರ್ಷಗಳಲ್ಲಿ ಇಂಥ ಹೊತ್ತಿಗೆ ಸಂಯೋಜಕರು ಬಸ್ಸಿನಲ್ಲಿ ಗುಡ್ಡದ ಮೇಲಕ್ಕೆ ಕಳಿಸಿಬಿಡುತ್ತಿದ್ದರು. ಇವತ್ತು ಬಸ್ಸು ಊಟ ತರಲು ಹೋಗಿತ್ತು. ಅವಳು ಅಂಗಳದಲ್ಲಿದ್ದ ಮೂರನೇ ಕ್ಲಾಸಿನ ಗಿಡ್ಡಿಯೊಬ್ಬಳಿಗೆ ಕೈಸನ್ನೆಯಲ್ಲಿ ಕೇಳಿದಳು. ಗಿಡ್ಡಿ ಬಲು ಗತ್ತಿನಿಂದ ಅವಳ ಕೈ ಹಿಡಿದು ಕರೆದೊಯ್ದಳು, ಒಳಗೆ ಬಿಟ್ಟಳು, ಹೊರಗಿನಿಂದ ಬಾಗಿಲನ್ನು ಎರಡೂ ಕೈಯಿಂದ ಎಳೆದು ಹಿಡಿದು ನಿಂತು ಏಳರ ಮಗ್ಗಿ ಶುರು ಮಾಡಿದಳು. ಆ ಶಾಲೆಯ ಹುಡುಗಿಯರ ಕಾವಲು ಪದ್ಧತಿಯೇ ಅದು. ಒಬ್ಬಳು ಒಳಗೆ, ಒಬ್ಬಳು ಬಾಗಿಲಿಗೆ. ಯಾರೂ ಹತ್ತಿರ ಬಾರದಿರಲಿ ಎಂದು ಮಗ್ಗಿ ಕೂಗಬೇಕು. ಮಗ್ಗಿ ಮುಗಿಯುವುದರೊಳಗೆ ಒಳಗಿದ್ದವಳು ಎದ್ದು ಬರಬೇಕು. ಹಿಂದೆ ಸಾಲು ಕಾಯುತ್ತಿರುತ್ತದೆ.

"ಏಳು ಹತ್ತಲ ಎಪ್ಪತ್ತೂ!" ಎಂದು ಕಿರುಚಿ ಗಿಡ್ಡಿ ಬಾಗಿಲು ಬಿಟ್ಟಳು. ಬಾಗಿಲು ತಾನಾಗಿ ತೆರೆದುಕೊಂಡಿತು. ಪುಣ್ಯಕ್ಕೆ ಕೆಂಗೂದಲಿನವಳು ಎದ್ದು ನಿಂತಿದ್ದಳು. ಮುಖ ಕೂದಲಿಗಿಂತ ಕೆಂಪಾಗಿತ್ತು.

ಅವಳು ನಾಯಕಿಯ ಬಳಿ ಏನು ಹೇಳಿದಳೋ, ನಾಯಕಿ ಹೋಗಿ ನಾಲ್ಕೂ ಬಾಗಿಲನ್ನು ನೋಡಿ ಬಂದಳು. ಆಮೇಲೆ ಗೋಡೆಯ ಹತ್ತಿರ ಹೋದಳು. ಸುಣ್ಣ ಇನ್ನೂ ಹಸಿ. ಉಗುರಿನಿಂದ ಕೆರೆದಳು. ಹಸಿರು ಬಂತು. ಇನ್ನಷ್ಟು ಕೆರೆದಳು. ಬಿಳಿ, ಅದರಡಿ ನೀಲಿ, ಮತ್ತೆ ಬಿಳಿ. ಅಲ್ಲಿಂದಲೇ ಹೆಡ್ ಮೇಡಂ ಕೋಣೆಗೆ ಬಂದಳು. ಬೆರಳ ತುದಿಯೆಲ್ಲ ಬಣ್ಣ.

"ನಾವು ಬರೆಯೋದು ಎಷ್ಟನೇ ಭೂಗೋಳ ಮೇಡಂ?"

"ಏಳನೇದು," ಎಂದರು ಹೆಡ್ ಮೇಡಂ. ಹುಡುಗಿ ನಕ್ಕಳು. ನಗು ಅರ್ಧಕ್ಕೇ ನಿಂತಿತು.

"ಆಗಲೇ ನಾನು ಕೇಳಿದ್ನಲ್ಲ. ಇನ್ನೊಂದು ಸಲ ಕೇಳಲಾ?"

ಹೆಡ್ ಮೇಡಂ ಎದ್ದರು. ಕೂತು ಹೇಳಿದರೆ ಮತ್ತೆ ಸುಳ್ಳೇ ಬರುತ್ತದೆಂದು ಅನ್ನಿಸಿತು. ಹೊರಗೆ ಸಂಯೋಜಕರು ಮಕ್ಕಳಿಗೆ ಕುಂಚ ಹಂಚುತ್ತಿದ್ದಲ್ಲಿಗೇ ನಡೆದು ಹೋದರು.

"ಸರ್, ನಮಗೆ ಭೂಗೋಳ ಬೇಡ. ಹೆಣ್ಣುಮಕ್ಕಳ ಟಾಯ್ಲೆಟ್ಟಿಗೆ ನಾಲ್ಕು ಬಾಗಿಲು ಬೇಕು. ಒಳಗಿಂದ ಹಾಕ್ಕೊಳ್ಳೋ ಚಿಲಕ ಬೇಕು."

ಸಂಯೋಜಕರ ಕೈಯಲ್ಲಿದ್ದ ಕುಂಚ ಅಲ್ಲೇ ನಿಂತಿತು. "ಏನ್ ಮೇಡಂ ಇದು, ಹಿಂಗೆ ಇದ್ದಕ್ಕಿದ್ದಂಗೆ! ಆರು ವರ್ಷದಲ್ಲಿ ಒಂದು ದಿನ ಹೇಳಿದೀರಾ?"

"ಒಂದು ದಿನ ಯಾರೂ ಕೇಳಲಿಲ್ಲ ಸರ್. ಇವತ್ತು ಈ ಮಗು ಕೇಳ್ತು. ಆಗಲೂ ಗೋಡೆ ಸಾಕು ಅಂತ ಸುಳ್ಳು ಹೇಳ್ದೆ. ನಿಮಗೆ ಬೇಜಾರಾದ್ರೆ ಪುಸ್ತಕ ಬರಲ್ಲ ಅಂತ ಹೆದ್ರಿಕೆ. ನನ್ನ ಹುಡುಗೀರು ನೀರು ಕುಡೀದೆ ಕೂರ್ತಾರೆ ಸರ್. ಒಬ್ಬಳು ಶಾಲೇನೇ ಬಿಟ್ಟು ಮೂರು ವಾರ ಆಯ್ತು. ಅವಳು ಹೋದ್ರೆ ಆ ಪುಸ್ತಕ ಇಟ್ಕೊಂಡು ನಾನೇನು ಮಾಡ್ಲಿ?"

ಮಾತು ತಿಳಿಯದ ಹನ್ನೊಂದು ಮಕ್ಕಳೂ ಅವರ ಮುಖವನ್ನೇ ನೋಡುತ್ತಿದ್ದರು. ನಾಯಕಿ ತಿರುಗಿ ಎಲ್ಲರಿಗೂ ತಿಳಿಸಿ ಹೇಳಿದಳು. ಕೆಂಗೂದಲಿನವಳು ಕೈಯಲ್ಲಿದ್ದ ಕುಂಚವನ್ನು ಡಬ್ಬಿಯೊಳಕ್ಕೆ ವಾಪಸ್ಸು ಹಾಕಿದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಹಾಕಿದರು.

"ಆದ್ರೆ ವರದಿ?" ಎಂದರು ಸಂಯೋಜಕರು, ಅಳು ಬರುವ ಹಾಗೆ. "ನಲವತ್ತು ದೇಶಕ್ಕೆ ಫೋಟೊ ಹೋಗಬೇಕು. ಟಾಯ್ಲೆಟ್ಟಿನ ಚಿಲಕದ ಮುಂದೆ ಹನ್ನೆರಡು ಜನರನ್ನ ಹೆಂಗೆ ನಿಲ್ಲಿಸ್ಲಿ?"

"ಸಾಲಾಗಿ ನಿಲ್ಲಿಸಿ ಸರ್," ಎಂದಳು ನಾಯಕಿ. "ಇಲ್ಲಿನ ಹುಡುಗೀರು ದಿನಾ ಹಂಗೇ ನಿಲ್ತಾರೆ."

ಸಂಯೋಜಕರು ಮೊದಲು ಅವಳನ್ನೂ ಆಮೇಲೆ ಹೆಡ್ ಮೇಡಂ ಅವರನ್ನೂ ನೋಡಿ, ಟೋಪಿ ತೆಗೆದು ತಲೆ ಕೆರೆದುಕೊಂಡರು. ಕೆಟ್ಟ ಮನುಷ್ಯರೇನಲ್ಲ, ಮೊದಲ ವರ್ಷ ಗೋಡೆ ಚೆನ್ನಾಗಿ ಕಂಡಿತ್ತು, ಆಮೇಲೆ ಅದೇ ರೂಢಿಯಾಗಿತ್ತು. ಫೋನು ಹಿಡಿದು ಮರದಡಿಗೆ ಹೋಗಿ ದೊಡ್ಡ ಶಾಲೆಯವರ ಜೊತೆ ಬಹಳ ಹೊತ್ತು ಮಾತಾಡಿದರು. ಕೈ ಆಡಿಸಿದರು, ಒಂದು ಸಲ ಕೂಗಾಡಿದರು ಕೂಡ. ಹಿಂದಿರುಗಿ ಬಂದವರು ಕೇಳಿದ್ದು ಒಂದೇ ಮಾತು: "ನಿಮಗೆ ಯಾರಾದ್ರೂ ಬಡಗಿ ಗೊತ್ತಾ ಮೇಡಂ?"

ಜವಾನನ ಭಾಮೈದನೇ ಬಡಗಿ. ಬಣ್ಣ ಮಾರಿದ ಅಂಗಡಿಯಲ್ಲೇ ಬಾಗಿಲು, ತಿರುಗಣಿ, ಚಿಲಕ ಎಲ್ಲ ಸಿಗುತ್ತಿದ್ದವು. ಬಿಚ್ಚದ ಬಣ್ಣದ ಡಬ್ಬಿಗಳು ವಾಪಸ್ಸು ಹೋದವು, ಬೀಳ್ಕೊಡುಗೆಯ ಶಾಮಿಯಾನ ರದ್ದಾಗಿ ಆ ದುಡ್ಡೂ ಸೇರಿತು, ಮಾರನೆಯ ಬೆಳಿಗ್ಗೆ ಆಟೋ ಗಾಡಿಯಲ್ಲಿ ಚೌಕಟ್ಟು ಸಮೇತ ನಾಲ್ಕು ಬಾಗಿಲು ಬಂದಿಳಿದವು.

ಆಮೇಲಿನ ಮೂರು ದಿನ ಆ ಶಾಲೆ ಕಂಡ ಗಲಾಟೆ ಅಷ್ಟಿಷ್ಟಲ್ಲ. ನಾಲ್ಕು ಭಾಷೆ ಬಲ್ಲ ಮಕ್ಕಳಿಗೆ ಸ್ಕ್ರೂ ಯಾವ ಕಡೆ ತಿರುಗಿಸಬೇಕೆಂದು ಗೊತ್ತಿರಲಿಲ್ಲ. ಬಡಗಿಗೆ ಅವರ ಒಂದು ಮಾತೂ ತಿಳಿಯುತ್ತಿರಲಿಲ್ಲ. ಅದರಿಂದ ಅವನಿಗೆ ಏನೂ ತೊಂದರೆಯಾಗಲಿಲ್ಲ, ತನ್ನ ಭಾಷೆಯಲ್ಲೇ ಹೊಟ್ಟೆ ತುಂಬ ಬೈದ. ಉದ್ದನೆಯ ಹುಡುಗನೊಬ್ಬ ಒಂದಿಡೀ ಬೆಳಿಗ್ಗೆ ಬೆವರು ಸುರಿಸಿ ಮೊದಲ ಚಿಲಕ ಬಿಗಿದು, ಹೆಮ್ಮೆಯಿಂದ ಪಕ್ಕಕ್ಕೆ ಸರಿದು ತೋರಿಸಿದ. ಬಾಗಿಲ ಹೊರಗಡೆಗೆ ಬಿಗಿದಿದ್ದ.

"ಏನಪ್ಪಾ ರಾಜಾ, ಒಳಗೆ ಹೋದವರಿಗೆ ಜೈಲಾ?" ಎಂದ ಬಡಗಿ. ಎರಡು ಕಡೆಯ ಮಕ್ಕಳೂ ಬಿದ್ದು ಬಿದ್ದು ನಕ್ಕರು. ಹುಡುಗನಿಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. ಆಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ. ಕೊನೆಯ ಬಾಗಿಲನ್ನು ಸಂಯೋಜಕರೇ ಎತ್ತಿ ಹಿಡಿದರು. ಪ್ಯಾಂಟು ಮಂಡಿಯ ಹತ್ತಿರ ಹರಿಯಿತು. ಫೋಟೊ ತೆಗೆಯುವುದು ಅವರಿಗೆ ಮರೆತೇ ಹೋಗಿತ್ತು.

ಕೆಲಸ ಮುಗಿದ ದಿನ ಹೆಡ್ ಮೇಡಂ ಹೊಲಿಗೆಯಾಕೆಗೆ ಹೇಳಿ ಕಳಿಸಿದರು. ಮಾರನೆಯ ದಿನ ಶನಿವಾರ, ಅರ್ಧ ದಿನದ ಶಾಲೆ. ಹಳದಿ ಅಂಗಿಯವರಿಗೂ ಅದೇ ಕೊನೆಯ ದಿನ. ಗಂಟೆ ಹೊಡೆದು ತುಂಬ ಹೊತ್ತಾದರೂ ಯಾರೂ ಬರಲಿಲ್ಲ. ಹೆಡ್ ಮೇಡಂ ಗೇಟಿನ ಕಡೆಗೆ ಮೂರು ಸಲ ಹೋಗಿ ಬಂದರು. ಒಂದು ಮಾತಿಗೆ ಎರಡು ಮಾತು ಸೇರಿಸಿ ಜವಾನನಿಗೆ ಬೈದರು.

ಹತ್ತು ಗಂಟೆಗೆ ಹೊಲಿಗೆಯಾಕೆ ಬಂದಳು. ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಮಗಳನ್ನು ಗೇಟಿನ ಹೊರಗೇ ನಿಲ್ಲಿಸಿದ್ದಳು. ಪಟಾಕಿ ಮನೆಯ ಬಟ್ಟೆಯಲ್ಲೇ ಇದ್ದಳು. ಗೇಟಿನ ಸರಳಿಗೆ ಮುಖ ಒತ್ತಿಕೊಂಡು ಒಳಗೆ ನೋಡುತ್ತಿದ್ದಳು.

"ಅವಳಿಗೇನೂ ಹೇಳಿಲ್ಲ ಮೇಡಂ. ಮೊದಲು ನಾನು ನೋಡ್ತೀನಿ."

ನೋಡುವುದೆಂದರೆ ಅವಳು ಬಟ್ಟೆ ನೋಡುವ ಹಾಗೆ ನೋಡಿದಳು. ತಿರುಗಣಿ ಮುಟ್ಟಿದಳು, ಚೌಕಟ್ಟಿನ ಸಂದಿಯಲ್ಲಿ ಬೆರಳು ತೂರಿಸಿ ಪರೀಕ್ಷಿಸಿದಳು, ಕೆಳಗೆ ಬಗ್ಗಿ ಇಣುಕಿದಳು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕ ಬಿದ್ದ ಸದ್ದು ಕೇಳಿತು.

"ಈಗ ತಳ್ಳಿ ಮೇಡಂ."

ಹೆಡ್ ಮೇಡಂ ಅಂಗೈಯಿಂದ ತಳ್ಳಿದರು.

"ಇದೇನು ತಳ್ಳೋದು! ಪುಂಡರು ತಳ್ಳೋ ಹಂಗೆ ತಳ್ಳಿ!"

ಹೆಡ್ ಮೇಡಂ ಸೆರಗು ಸೊಂಟಕ್ಕೆ ಸಿಕ್ಕಿಸಿ ಭುಜ ಕೊಟ್ಟರು. ಅಲುಗಲಿಲ್ಲ. ನಾಯಕಿ ಬಂದು ಸೇರಿಕೊಂಡಳು. ಕೆಂಗೂದಲಿನವಳು, ಉದ್ದನೆಯ ಹುಡುಗ, ಜವಾನ, ಹರಿದ ಪ್ಯಾಂಟಿನ ಸಂಯೋಜಕರು, ಕೈಗೆ ಜಾಗ ಸಿಕ್ಕವರೆಲ್ಲ ಕೈ ಕೊಟ್ಟರು, ಸಿಗದವರು ಮುಂದಿದ್ದವರ ಬೆನ್ನಿಗೆ ಕೊಟ್ಟರು. "ಒಂದು, ಎರಡು, ಮೂರು!" ಎಂದು ಹೊರದೇಶದ ಮಕ್ಕಳೂ ಕಲಿತ ಮೂರು ಮಾತನ್ನು ಕೂಗಿದರು. ಬಡಗಿ ದೂರದಲ್ಲಿ ಕೈಕಟ್ಟಿ ನಿಂತು, ತನ್ನ ಮಗಳ ಮದುವೆ ನೋಡುವವನ ಹಾಗೆ ನೋಡುತ್ತಿದ್ದ. ಬಾಗಿಲು ಕಿರ್ ಎನ್ನಲಿಲ್ಲ.

ತಳ್ಳಿ ತಳ್ಳಿ ಸುಸ್ತಾಗಿ ಎಲ್ಲರೂ ನಿಲ್ಲಿಸಿದರು.

"ಏನಮ್ಮಾ, ಸಾಕಾ?" ಎಂದರು ಹೆಡ್ ಮೇಡಂ, ಏದುಸಿರು ಬಿಡುತ್ತ.

ಒಳಗೆ ಮೂಗು ಒರೆಸಿಕೊಂಡ ಸದ್ದಾಯಿತು. ಆಮೇಲೆ ಹೊಲಿಗೆಯಾಕೆಯ ಗಂಟಲು ಗೇಟಿನವರೆಗೂ ಕೇಳಿಸಿತು.

"ಏಯ್, ಅಲ್ಲೇನೇ ಕಂಬದ ಹಂಗೆ ನಿಂತಿದೀಯ! ಹೊತ್ತಾಗ್ಲಿಲ್ವಾ? ಕ್ಲಾಸಿಗೆ ನಡಿ!"

ಗೇಟು ಕಿರುಗುಟ್ಟಿತು. ಓಡುವ ಹೆಜ್ಜೆಯ ಸದ್ದು ಅಂಗಳ ದಾಟಿತು, ಮೆಟ್ಟಿಲು ಹತ್ತಿತು, ಏಳನೇ ಕ್ಲಾಸಿನ ಕೋಣೆಯೊಳಗೆ ಒಂದು ದೊಡ್ಡ ಹೋ ಎದ್ದಿತು. ಹೆಡ್ ಮೇಡಂ ಆ ಕಡೆ ತಿರುಗಲಿಲ್ಲ. ಮುಚ್ಚಿದ ಬಾಗಿಲ ಮೇಲೆ ಅಂಗೈ ಇಟ್ಟುಕೊಂಡು ಹಾಗೇ ನಿಂತಿದ್ದರು. ಒಳಗಿದ್ದವಳಿಗೂ ಹೊರಗೆ ಬರುವ ಅವಸರವಿರಲಿಲ್ಲ.