ಕೆನ್ನೆಯೊಳಗಿನ ತುತ್ತು

ಮಗಳು ಜ್ವರದಲ್ಲಿ ತೀರಿಕೊಂಡ ಮೇಲೆ ಆ ದರ್ಜಿ ಹೆಂಗಸಿನ ಪಾಲಿಗೆ ಉಳಿದದ್ದು ಇಲಿಯಂಥ ಒಂದು ಪುಟ್ಟ ಸಾಕುಪ್ರಾಣಿ, ಹ್ಯಾಮ್‌ಸ್ಟರ್. ಮಗಳು ಅದಕ್ಕೆ ಗುಂಡ ಎಂದು ಹೆಸರಿಟ್ಟಿದ್ದಳು. ಈಗ ನೋಡಿದರೆ ಬರೀ ಮೂಳೆ ಚಕ್ಕಳ. ತಾಯಿ ದಿನಾ ಬಟ್ಟಲ ತುಂಬ ಸೂರ್ಯಕಾಂತಿ ಬೀಜ ಸುರಿಯುತ್ತಿದ್ದಳು. ಬಟ್ಟಲು ಖಾಲಿಯಾಗುತ್ತಿತ್ತು, ಗುಂಡ ಮಾತ್ರ ಸೊರಗುತ್ತಿತ್ತು. ಇದೂ ಹೋಗಿಬಿಟ್ಟರೆ? ಹೋಗಲಿ ಎನ್ನಿಸಲಿಲ್ಲ, ಬೇಡ ಎನ್ನಿಸಲೂ ಇಲ್ಲ. ಎದೆ ಮರಗಟ್ಟಿತ್ತು. ಕತ್ತರಿ ಹಿಡಿದ ಕೈ ತನ್ನ ಪಾಡಿಗೆ ತಾನು ಬಟ್ಟೆ ಕತ್ತರಿಸುತ್ತಿತ್ತು.

ಅತ್ತೆಗೆ ತಡೆಯಲಾಗಲಿಲ್ಲ. ಮೊದಲೇ ಬಾಯಿ ಜೋರು.

"ಕೂಸು ಸಾಕಿದ್ದು ಇದು. ಇದನ್ನೂ ಕಳಕೊಂಡು ಕೂತ್ಕೊಳ್ಳೋಕೆ ನನ್ ಕೈಲಾಗಲ್ಲ, ಏಳೇ!" ಎಂದು ಸೊಸೆಯನ್ನೂ ಪಂಜರವನ್ನೂ ಪ್ರಾಣಿವೈದ್ಯೆಯ ಬಳಿಗೆ ಎಳೆದೊಯ್ದಳು.

ವೈದ್ಯೆ ಪಂಜರದಲ್ಲಿ ಹಾಸಿದ್ದ ಮರದ ಹೊಟ್ಟು ಕೆದಕಿದರು. ಮೂಲೆಯಲ್ಲಿ ಬೀಜದ ರಾಶಿಯೇ ಇತ್ತು.

"ಬಟ್ಟಲು ಖಾಲಿಯಾಯ್ತು ಅಂದ್ರೆ ತಿಂತು ಅಂತಲ್ಲಮ್ಮ. ಕೆನ್ನೇಲಿ ತುಂಬ್ಕೊಂಡು ಹೋಗಿ ಬಚ್ಚಿಡತ್ತೆ. ಈ ಬೀಜದಲ್ಲಿ ಕೊಬ್ಬೇ ಜಾಸ್ತಿ, ಇದಕ್ಕೆ ಪ್ರೋಟೀನ್ ಬೇಕು. ಹ್ಯಾಮ್‌ಸ್ಟರ್‌ಗೆ ಅಂತಲೇ ಮಾಡಿರೋ ಆಹಾರ ದಿನಾ ಹಾಕಿ. ಆಗಾಗ ಬೇಯಿಸಿದ ಮೊಟ್ಟೆ, ಉಗುರಿನಷ್ಟು. ಉಪ್ಪು ಸೋಕಿಸ್ಬೇಡಿ. ತಿನ್ನೋವರೆಗೂ ಎದುರಿಗೆ ಕೂತು ನೋಡಿ."

ಅತ್ತೆ ಸೊಸೆಯ ಮುಖವನ್ನೇ ದಿಟ್ಟಿಸಿದಳು. ಮನೆ ಮುಟ್ಟುವ ತನಕ ತುಟಿಪಿಟಕ್ಕೆನ್ನಲಿಲ್ಲ. ಆ ಬಾಯಿಗೆ ಅದು ಪವಾಡವೇ ಸರಿ!

ಅತ್ತೆ ಒಲೆಯ ಮೇಲೆ ಮೊಟ್ಟೆ ಇಟ್ಟವಳೇ ನೇರ ಹೊಲಿಗೆ ಯಂತ್ರದತ್ತ ನಡೆದು, ಅದರ ಕೆಳಗಿದ್ದ ಚಿಂದಿ ಬುಟ್ಟಿಯನ್ನು ಬೋರಲು ಹಾಕಿದಳು. ಚಿಂದಿಯ ಗಂಟುಗಳೊಳಗಿಂದ ನಿನ್ನೆಯ ಅನ್ನ, ಮೊನ್ನೆಯ ಬ್ರೆಡ್ಡು, ಅದರಾಚೆಯದು ಉದುರಿದವು. ಸೊಸೆ ಅದು ಯಾರದೋ ಬುಟ್ಟಿ ಎಂಬಂತೆ ನೋಡುತ್ತ ನಿಂತಳು. ನಾಚಿಕೆಯೂ ಆಗಲಿಲ್ಲ.

"ನೀನು ತಟ್ಟೆ ತೊಳೆದಿಡ್ತಿದ್ದೆ, ನಾನು ಉಂಡ್ಲು ಅಂತ ನಂಬ್ದೆ. ನನ್ನಂಥ ಪೆದ್ದಿ ಇನ್ಯಾರಿದಾರೆ!"

ಮೊಟ್ಟೆ ಬೆಂದು ಆರಿತು. ಅತ್ತೆ ಉಗುರಿನಷ್ಟು ಮುರಿದು ಗುಂಡನಿಗೆ ಕೊಟ್ಟಳು. ಅದು ಎರಡೂ ಕೈಯಲ್ಲಿ ಹಿಡಿದು ಅಲ್ಲೇ ಕೂತು ತಿಂದಿತು. ಉಳಿದ ಮೊಟ್ಟೆಯನ್ನು ಅತ್ತೆ ಸೊಸೆಯ ಬಾಯಿಗೆ ಹಿಡಿದಳು.

"ತೆಗಿ ಬಾಯಿ. ಹ್ಞಾ, ನುಂಗು. ಕೆನ್ನೇಲಿಟ್ಕೊಂಡು ಓಡೋದೆಲ್ಲ ಬೇಡ. ಮೊಮ್ಮಗಳಂತೂ ಹೋದ್ಲು. ನೀನೂ ಹೋದ್ರೆ ನಂಗ್ಯಾರೇ?"

ಸೊಸೆ ಅಗಿದಳು. ನುಂಗಿದಳು.

"ಉಪ್ಪಿಲ್ಲ," ಎಂದಳು.

ಮಗಳು ಹೋದ ಮೇಲೆ ಅವಳ ನಾಲಿಗೆಗೆ ಏನಾದರೊಂದು ತಿಳಿದದ್ದು ಅದೇ ಮೊದಲು. ಅತ್ತೆ ಮುಂಗೈಯಿಂದ ಮೂಗು ಒರೆಸಿಕೊಳ್ಳುತ್ತ ಉಪ್ಪು ತರಲು ಎದ್ದಳು.